ಎಲ್ಲರೂ ತಲೆಯಾಡಿಸಿದ ಮೇಲೆ

ಹಾರ್ಲಿಂಗನ್ ಬಂದರಿನ ಮೀನಿನಂಗಡಿಯಲ್ಲಿ ಜೀವಮಾನವೆಲ್ಲ ನಿಂತು ಕಳೆದವಳು ನಾನು. ಹಳಸಿದ ಮೀನನ್ನು ಐಸಿನ ಮೇಲೆ ಎಷ್ಟೇ ಚೆಂದವಾಗಿ ಜೋಡಿಸಿಟ್ಟರೂ ನನ್ನ ಮೂಗಿಗೆ ಗೊತ್ತಾಗಿಬಿಡುತ್ತದೆ. ಹೇಗ್ ನಗರದ ಆ ಸಭೆಯ ಕೋಣೆಗೆ ಕಾಲಿಟ್ಟ ಮೊದಲ ದಿನವೂ ಗೊತ್ತಾಯಿತು. ಮೇಜಿನ ಮೇಲೆ ಹೂದಾನಿಯಿತ್ತು, ಸುತ್ತ ನಗುಮುಖಗಳಿದ್ದವು, ಬಿಸ್ಕತ್ತಿನ ಡಬ್ಬಿ ಬಾಯಿ ತೆರೆದುಕೊಂಡೇ ಕೂತಿತ್ತು. ನಾವು ಮನೆಗೆ ಬಂದವರಿಗೆ ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು, ಡಬ್ಬಿ ಮುಚ್ಚಿ ಕಪಾಟಿಗೆ ಸೇರಿಸುವ ಜನ. ಡಬ್ಬಿ ಮುಚ್ಚದೆ ಮುಂದಿಟ್ಟರೆ ಅವರಿಗೆ ನಿಮ್ಮಿಂದ ಏನೋ ಬೇಕಾಗಿದೆ ಎಂದೇ ಲೆಕ್ಕ.

ಅವರಿಗೆ ಬೇಕಾಗಿದ್ದು ವಿಟ್ಸ್ಕೆಯ ಒಪ್ಪಿಗೆ.

ವಿಟ್ಸ್ಕೆ ನನ್ನ ತಮ್ಮ ಡೌವನ ಹೆಂಡತಿ. ಹಾಲಿನ ಕಾರ್ಖಾನೆಯಲ್ಲಿ ಟೆಲಿಫೋನು ಕರೆ ಜೋಡಿಸುವ ಕೆಲಸದಲ್ಲಿದ್ದಳು. ಮೂವತ್ತು ದಾಟುವ ಹೊತ್ತಿಗೆ ಕಣ್ಣು ಅಂಚಿನಿಂದ ಕತ್ತಲಾಗುತ್ತ ಬಂತು. ಕೆಲವೇ ವರ್ಷಗಳಲ್ಲಿ ಎದುರಿಗೆ ಕೂತವರ ಮುಖವೂ ಕಾಣದಾಯಿತು. ಅವಳು ಕುರ್ಚಿ ಬಿಡಲಿಲ್ಲ. ಫೋನು ಮಾಡಿದ ರೈತ ಬರೀ ಹಲೋ ಅಂದರೆ ಸಾಕು, ಹೆಸರು ಹಿಡಿದು ಮಾತಾಡಿಸಿ, ಹೋದ ವಾರ ಕೆಮ್ಮಿದ್ದನ್ನೂ ನೆನಪಿಟ್ಟು ವಿಚಾರಿಸುತ್ತಿದ್ದಳು. ಮುಖಗಳ ಜಾಗದಲ್ಲಿ ಅವಳಿಗೆ ದನಿಗಳೇ ಬಂದು ಕೂತಿದ್ದವು.

ಡೌವನನ್ನು ಮೆಚ್ಚಿದ್ದೂ ಹಾಗೆಯೇ. ಅವನು ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಟಿಕೆಟ್ ನೋಡುವವನು, ಧ್ವನಿವರ್ಧಕದಲ್ಲಿ ಪ್ರಯಾಣಿಕರಿಗೆ ಸೂಚನೆ ಹೇಳುವವನೂ ಅವನೇ. ಒಮ್ಮೆ ದ್ವೀಪಕ್ಕೆ ಹೊರಟಿದ್ದ ವಿಟ್ಸ್ಕೆ ಆ ದನಿ ಕೇಳಿ, ಇಳಿಯುವಾಗ ದಡಕ್ಕೆ ಹಾಕಿದ ಹಲಗೆಯ ಹತ್ತಿರ ನಿಂತು, "ಈಗ ಮಾತಾಡಿದೋನು ಯಾರು? ಮದುವೆ ಆಗಿದೆಯಾ?" ಎಂದು ಎಲ್ಲರ ಎದುರೇ ಕೇಳಿದಳಂತೆ. ಆಗಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಆಯಿತು.

ಡೌವ ಮನೆಯಲ್ಲಿ ಮೌನಿ. ನಮ್ಮ ವಂಶವೇ ಹಾಗೆ, ನನ್ನೊಬ್ಬಳನ್ನು ಬಿಟ್ಟು. ಆದರೆ ರಜೆ ಸಿಕ್ಕಿದಾಗಲೆಲ್ಲ ಲೀವಾರ್ಡನ್‌ಗೆ ರೈಲು ಹತ್ತಿ, ಅಂಧರ ಗ್ರಂಥಾಲಯದ ಪುಟ್ಟ ಕೋಣೆಯಲ್ಲಿ ಕೂತು, ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಟೇಪಿಗೆ ಧ್ವನಿ ಮುದ್ರಿಸಿಕೊಡುತ್ತಿದ್ದ. ಬಿಡಿಗಾಸು ಇಲ್ಲದ ಕೆಲಸ. ಸಮುದ್ರದ ಕತೆಗಳು, ಹಕ್ಕಿಗಳ ಪುಸ್ತಕ, ಬೇರೆ ಯಾರೂ ಓದಲು ಒಪ್ಪದ ಆಲೂಗಡ್ಡೆ ರೋಗಗಳ ದಪ್ಪ ಗ್ರಂಥ, ಯಾವುದಕ್ಕೂ ಇಲ್ಲ ಅನ್ನಲಿಲ್ಲ.

"ನನ್ನ ಜೊತೆ ನಾಲ್ಕು ಮಾತಾಡಕ್ಕೆ ಬಾಯಿ ನೋಯತ್ತೆ, ನಾಡಿನ ಕುರುಡರಿಗೆಲ್ಲ ದಿನಗಟ್ಟಲೆ ಮಾತಾಡ್ತೀಯ," ಎಂದು ವಿಟ್ಸ್ಕೆ ರೇಗಿಸುತ್ತಿದ್ದಳು.

"ಅಲ್ಲಿ ಮಾತು ಬರೆದಿರತ್ತಲ್ಲ," ಅನ್ನುತ್ತಿದ್ದ ಅವನು.

ಡೌವ ತೀರಿಕೊಂಡಿದ್ದು ಶ್ವಾಸಕೋಶದ ಕಾಯಿಲೆಯಿಂದ. ಕೊನೆಯ ಚಳಿಗಾಲದಲ್ಲಿ ಅವನ ದನಿ ಪಿಸುಮಾತಿಗೆ ಇಳಿದಿತ್ತು. ಅವನು ಹೋದ ಮೇಲೆ ವಿಟ್ಸ್ಕೆ ಗ್ರಂಥಾಲಯದಿಂದ ಅವನು ಓದಿದ ಪುಸ್ತಕಗಳನ್ನು ಒಂದೊಂದಾಗಿ ತರಿಸಿಕೊಂಡು ಕೇಳಲು ಶುರುಮಾಡಿದಳು. ಆಲೂಗಡ್ಡೆ ಸಿಪ್ಪೆ ತೆಗೆಯುವಾಗ, ಬಟ್ಟೆ ಮಡಿಸುವಾಗ, ಹೊರಗೆ ಗಾಳಿ ಬೀಸಿ ಎಲ್ಲಿಗೂ ಹೋಗಲಾಗದ ಮಧ್ಯಾಹ್ನಗಳಲ್ಲಿ ಅಡುಗೆಮನೆಯಲ್ಲಿ ಡೌವ ಮಾತಾಡುತ್ತಿದ್ದ. "ಇದ್ದಾಗ ಆಡದ ಮಾತನ್ನೆಲ್ಲ ಈಗ ವಸೂಲಿ ಮಾಡ್ತಾ ಇದ್ದೀನಿ ಕಣೇ," ಎಂದು ನನಗೆ ಹೇಳಿ ನಗುತ್ತಿದ್ದಳು. ಅವನ ದನಿ ಬೇರೆ ಎಲ್ಲಿಯೂ ಉಳಿದಿರಲಿಲ್ಲ. ಮನೆಯ ಫೋನಿನಲ್ಲಿ ಯಾರೂ ಇಲ್ಲವೆಂದು ಹೇಳುವ ದನಿ ವಿಟ್ಸ್ಕೆಯದು. ಮದುವೆಯ ಚಿತ್ರಗಳಲ್ಲಿ ದನಿ ಇರುವುದಿಲ್ಲ, ಇದ್ದ ಚಿತ್ರಗಳೂ ಅವಳಿಗೆ ಕಾಣುವುದಿಲ್ಲ.

ಇಲ್ಲಿ ಒಂದು ಬೀಗದ ಮಾತು ಬರುತ್ತದೆ. ಗ್ರಂಥಾಲಯದವರು ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸವನ್ನು ಒಂದು ಕಂಪನಿಗೆ ವಹಿಸಿದ್ದರು. ಕೆಲಸ ಮುಗಿದ ಮೇಲೆ ನೆಲಮಾಳಿಗೆ ಖಾಲಿಯಾಗಲೆಂದು ಟೇಪುಗಳನ್ನು ಕಸಕ್ಕೆ ಹಾಕಿದರು. ಕಂಪನಿ ಪ್ರತಿ ಪುಸ್ತಕಕ್ಕೂ ಡಿಜಿಟಲ್ ಬೀಗ ಜಡಿಯಿತು: ಅವರದೇ ಯಂತ್ರದಲ್ಲಿ ಮಾತ್ರ ಕೇಳಬೇಕು, ಆ ಯಂತ್ರ ಪ್ರತಿಸಲ ಚಾಲೂ ಆಗುವಾಗ ಕಂಪನಿಯನ್ನು ಕೇಳಿ ಅಪ್ಪಣೆ ಪಡೆಯಬೇಕು. ಕಳ್ಳ ಪ್ರತಿಗಳು ಹುಟ್ಟದಿರಲಿ ಎಂದು ಪ್ರಕಾಶಕರು ಹಾಕಿಸಿದ ಷರತ್ತು. ಆಲೂಗಡ್ಡೆ ರೋಗದ ಪುಸ್ತಕವನ್ನು ಯಾವ ಕಳ್ಳ ಕದಿಯುತ್ತಾನೋ ನನಗಂತೂ ತಿಳಿಯದು. ಆಮೇಲೆ ಆ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡಿತು. ಅಪ್ಪಣೆ ಕೊಡುವ ಹಳೆಯ ವ್ಯವಸ್ಥೆಯನ್ನು ಇನ್ನು ಮುಚ್ಚುತ್ತೇವೆ ಎಂದು ಪ್ರಕಟಿಸಿತು. ಅಪ್ಪಣೆ ನಿಂತರೆ ಬೀಗ ಬಿದ್ದ ಹಾಗೆಯೇ ಬಿದ್ದಿರುತ್ತದೆ, ಒಳಗೆ ಡೌವ.

ವಿಟ್ಸ್ಕೆ ಕಂಪನಿಗೆ ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

"ಚಿಂತೆ ಮಾಡಬೇಡಿ," ಅಂದಿತು ಆ ಕಡೆಯ ಎಳೆ ದನಿ. "ಅದೇ ಪುಸ್ತಕಗಳು ಹೊಸ ಯಂತ್ರಕ್ಕೂ ಬರ್ತವೆ. ಇನ್ನೂ ಒಳ್ಳೆ ದನಿಯಲ್ಲಿ."

"ನನಗೆ ಹಳೇ ದನೀನೇ ಬೇಕು."

"ಹಳೇದರಲ್ಲಿ ತುಂಬ ಕರಕರ ಇದೆ ಮೇಡಂ. ಹೊಸದು ಕೇಳಿದ್ರೆ ನಿಮಗೇ ಗೊತ್ತಾಗತ್ತೆ."

ಅವಳು ಫೋನು ಇಟ್ಟಳು. ಆಮೇಲೆ ಅಂಧರ ಸಂಘಕ್ಕೆ ಫೋನು ಮಾಡಿದಳು. ಅಲ್ಲಿಂದ ಗೊತ್ತಾಯಿತು, ಈ ಡಿಜಿಟಲ್ ಬೀಗಗಳಿಗೆ ನೀತಿ ನಿಯಮ ಮಾಡಲು ಹೇಗ್‌ನಲ್ಲಿ ಒಂದು ಸಮಿತಿ ಕೂರುತ್ತಿದೆ. ಪ್ರಕಾಶಕರು, ಬೀಗದ ಕಂಪನಿಗಳು, ಗ್ರಂಥಾಲಯ, ಸರ್ಕಾರ ಎಲ್ಲರೂ ಇದ್ದಾರೆ, ಬಳಕೆದಾರರ ಕಡೆಯಿಂದ ಒಬ್ಬರ ಕುರ್ಚಿ ಖಾಲಿಯಿದೆ. ವಿಟ್ಸ್ಕೆ ಕೇಳಿಕೊಂಡದ್ದು ಒಂದೇ ವಾಕ್ಯ: ಬೀಗದ ಕಂಪನಿ ಅಂಗಡಿ ಮುಚ್ಚುವುದಾದರೆ, ಮುಚ್ಚುವ ಮೊದಲು ಬೀಗದ ಕೈಯನ್ನು ಗ್ರಂಥಾಲಯಕ್ಕೆ ಒಪ್ಪಿಸಬೇಕು. ಇಷ್ಟು ಬರೆದರೆ ಡೌವ ಉಳಿಯುತ್ತಿದ್ದ.

ಹೀಗೆ ನಾವಿಬ್ಬರು ಹೇಗ್ ರೈಲಿನ ಪ್ರಯಾಣಿಕರಾದೆವು. ಅವಳು ಸದಸ್ಯೆ. ನಾನು ಅವಳ ಕೈ ಹಿಡಿದು ಕರೆತರುವವಳು, ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂರಬೇಕಾದವಳು. ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ ಎಂದು ನನ್ನನ್ನು ಬಲ್ಲವರೆಲ್ಲ ಹೇಳಿಯಾರು.

ಅಧ್ಯಕ್ಷ ಫ್ಲೋರಿಸ್ ರೂಲ್ವಿಂಕ್ ನಿವೃತ್ತ ಅಧಿಕಾರಿ. ಬೆಳ್ಳಿಕೂದಲು, ಮೆತ್ತನೆ ಮಾತು. "ಇಲ್ಲಿ ಸಾಹೇಬರು, ಮೇಡಂ ಯಾವುದೂ ಬೇಡ, ಎಲ್ಲರೂ ಹೆಸರು ಹಿಡಿದೇ ಕರೆಯೋಣ," ಎಂದು ಮೊದಲ ದಿನವೇ ಹೇಳಿದ. ತನ್ನ ಜೀವಮಾನದಲ್ಲಿ ಒಂದು ಸಲವೂ ಮತಕ್ಕೆ ಹಾಕಿ ತೀರ್ಮಾನ ಮಾಡಿದವನಲ್ಲ ಎಂಬುದು ಅವನ ಹೆಮ್ಮೆ. ನಮ್ಮ ನಾಡಿನಲ್ಲಿ ಕೈಯೆತ್ತಿಸಿ ಎಣಿಸುವುದೆಂದರೆ ಸೋತ ಹಾಗೆ. ಎಲ್ಲರೂ ಕೂತು, ಒಬ್ಬೊಬ್ಬರೂ ಒಂದೊಂದು ಸುತ್ತು ಮಾತಾಡಿ, ಯಾರಿಗೂ ಪೂರ್ತಿ ಇಷ್ಟವಿಲ್ಲದ್ದನ್ನು ಎಲ್ಲರೂ ಸಹಿಸಿಕೊಳ್ಳುವವರೆಗೆ ಮಾತಾಡುತ್ತಲೇ ಇರಬೇಕು. ಸಮುದ್ರದ ನೀರು ತಡೆಯುವ ಕಟ್ಟೆ ಕಟ್ಟಿದ್ದೇ ಹೀಗೆ ಎಂದು ಶಾಲೆಯಿಂದಲೇ ನಮಗೆ ಹೇಳಿಕೊಟ್ಟಿದ್ದಾರೆ. ಇರಬಹುದು. ನೀರು ಬಂದರೆ ಎಲ್ಲರ ಮನೆಯೂ ಮುಳುಗುತ್ತಿತ್ತು. ಇಲ್ಲಿ ಮುಳುಗುವುದು ವಿಟ್ಸ್ಕೆಯೊಬ್ಬಳ ಮನೆ.

ಪ್ರಕಾಶಕರು ಮತ್ತು ಬೀಗದ ಕಂಪನಿಗಳ ಪರವಾಗಿ ಕೂತವಳು ಬಾಬೆಟ್ ಎಂಬ ವಕೀಲೆ. ಮಾತು ಮಾತಿಗೂ ವಿಟ್ಸ್ಕೆಯ ತೋಳು ಮುಟ್ಟುವವಳು. ಗ್ರಂಥಾಲಯದ ಕಡೆಯಿಂದ ಗೆಸೀನ. ಡೌವನನ್ನು ಬಲ್ಲವಳು, ಅವನು ಓದುತ್ತಿದ್ದಾಗ ಗಾಜಿನಾಚೆ ಕೂತು ದನಿ ಮುದ್ರಿಸಿದವಳು. ಅವಳು ನಮ್ಮವಳು ಎಂದು ನಾವು ನೆಚ್ಚಿಕೊಂಡಿದ್ದೆವು.

ಬಾಬೆಟ್ ಎರಡನೇ ಸಭೆಯಲ್ಲಿಯೇ ಒಂದು ಮಾತು ಎತ್ತಿದಳು. "ಒಂದು ಕಡೆ ಮಾತುಕತೆ ನಡೀತಿರುವಾಗ ಇನ್ನೊಂದು ಕಡೆ ಬೀಗ ಮುರಿಯೋ ಕೆಲಸ ಆಗಬಾರದು ಅಲ್ವಾ? ಯಂತ್ರದ ಮುಂದೆ ಫೋನ್ ಹಿಡಿದು ದನಿ ಹಿಡ್ಕೊಳ್ಳೋದೂ ಮುರಿದ ಹಾಗೇ. ಈ ಮೇಜಿನ ಸುತ್ತ ಕೂತವರು ಸಮಿತಿ ಮುಗಿಯೋ ತನಕ ಹಾಗೆ ಮಾಡಲ್ಲ ಅಂತ ಮಾತು ಕೊಡೋಣ. ನಮ್ಮ ಕಡೆಯಿಂದ, ಸಮಿತಿ ಮುಗಿಯೋ ತನಕ ಹಳೇ ವ್ಯವಸ್ಥೆ ಮುಚ್ಚಲ್ಲ."

ರೂಲ್ವಿಂಕ್‌ನ ಮುಖ ಅರಳಿತು. "ಇದಪ್ಪಾ ನಂಬಿಕೆ ಅಂದ್ರೆ! ಎಲ್ಲರಿಗೂ ಆಗತ್ತಾ?"

ಒಬ್ಬೊಬ್ಬರೂ ಹೂಂ ಅಂದರು. ವಿಟ್ಸ್ಕೆಯೂ ಹೂಂ ಅಂದಳು.

ಅವತ್ತು ರೈಲಿನಲ್ಲಿ ನಾನು ಸುಮ್ಮನಿರಲಿಲ್ಲ. "ಹುಚ್ಚಿ, ಮನೆಗೆ ಹೋಗಿ ಇವತ್ತೇ ಎಲ್ಲಾನೂ ಫೋನಿಗೆ ಹಿಡಿದಿಟ್ಟುಕೊಳ್ಳೋಣ. ಅಡುಗೆಮನೆ ಒಳಗೆ ಯಾರು ಬಂದು ನೋಡ್ತಾರೆ?"

"ಯಾರೂ ನೋಡಲ್ಲ."

"ಮತ್ತೆ?"

"ಹೂಂ ಅಂದಿದ್ದೀನಲ್ಲ. ಮನೇಲಿ ಕದ್ದು, ಅಲ್ಲಿ ಹೋಗಿ ಹಕ್ಕು ಕೇಳಕ್ಕೆ ನನಗೆ ಬಾಯಿ ಬರಲ್ಲ ಶೌಕ್ಯೆ."

ಒಮ್ಮೆ ಅವಳು ಬಟ್ಟೆ ಮಡಿಸುತ್ತಿದ್ದಾಗ ನಾನೇ ಸದ್ದಿಲ್ಲದೆ ಫೋನು ತೆಗೆದು ಯಂತ್ರದ ಪಕ್ಕ ಇಟ್ಟೆ. ಗುಂಡಿ ಒತ್ತಿದಾಗ ಅದು ಟಿಣ್ ಅಂದಿತು. ವಿಟ್ಸ್ಕೆ ಎದ್ದು ಬಂದು ಯಂತ್ರ ಆರಿಸಿಬಿಟ್ಟಳು. "ಮನೆಗೆ ಬರೋದಾದ್ರೆ ಅದನ್ನ ಹೊರಗಿಟ್ಟು ಬಾ," ಅಂದಳು. ಅವಳ ಹಟದ ಮುಂದೆ ನನ್ನದು ಏನೂ ನಡೆಯುವುದಿಲ್ಲ. ಕೊಟ್ಟ ಮಾತು ಎಂದರೆ ಕೊಟ್ಟ ಮಾತು, ಅದು ಅವಳು ಬೆಳೆದ ರೀತಿ. ಎದುರಿಗೆ ಕೂತವರೂ ಹಾಗೆಯೇ ಬೆಳೆದಿದ್ದಾರೆ ಎಂದು ಅವಳು ನಂಬಿದ್ದಳು.

ಎರಡು ಚಳಿಗಾಲ ಹೀಗೆ ಓಡಾಡಿದೆವು. ಪ್ರತಿ ಸಭೆಯಲ್ಲೂ ಬ್ರೆಡ್ಡು, ಚೀಸು, ಮಜ್ಜಿಗೆ, ಸಾಸಿವೆ ಹಚ್ಚಿ ತಿನ್ನುವ, ಒಳಗೆ ಮಾಂಸ ತುಂಬಿ ಕರಿದ ಬಿಸಿ ಕ್ರೋಕೆಟ್. ಪ್ರತಿ ಸಭೆಯಲ್ಲೂ ವಿಟ್ಸ್ಕೆಯ ವಾಕ್ಯಕ್ಕೆ ಒಂದೊಂದು ಬಾಲ. "ಒಪ್ಪಿಸಬೇಕು" ಎಂಬುದು "ಸಾಧ್ಯವಾದಷ್ಟು ಮಟ್ಟಿಗೆ ಒಪ್ಪಿಸಬೇಕು" ಆಯಿತು. ಮುಂದಿನ ಸಲ "ಸೂಕ್ತ ಕಾಲಾವಧಿಯಲ್ಲಿ" ಸೇರಿತು. ಆಮೇಲೆ "ಹಕ್ಕುದಾರರ ನ್ಯಾಯಯುತ ಹಿತಾಸಕ್ತಿಗೆ ಧಕ್ಕೆ ಬಾರದಂತೆ". ಪ್ರತಿ ಬಾಲ ಅಂಟಿಸುವಾಗಲೂ ಬಾಬೆಟ್ ವಿಟ್ಸ್ಕೆಯ ತೋಳು ಸವರಿ, "ನಿಮ್ಮ ನೋವು ನಮಗೆ ಅರ್ಥ ಆಗತ್ತೆ," ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಮುಳ್ಳೇಳುತ್ತಿತ್ತು. ಕೆಟ್ಟವರು ಕಿರುಚಿದರೆ ತಿರುಗಿ ಕಿರುಚಬಹುದು. ಸವರುವ ಕೈಯನ್ನು ಏನು ಮಾಡುವುದು? ರೂಲ್ವಿಂಕ್ ಪ್ರತಿ ಸುತ್ತಿನ ಕೊನೆಗೆ, "ನೋಡಿ, ಎಷ್ಟು ಹತ್ತಿರ ಬಂದ್ವಿ," ಎಂದು ಕೈ ಉಜ್ಜಿಕೊಳ್ಳುತ್ತಿದ್ದ. ಹತ್ತಿರ ಬಂದವಳು ಯಾವಾಗಲೂ ವಿಟ್ಸ್ಕೆಯೇ. ಅವರು ಕೂತ ಜಾಗ ಬಿಟ್ಟು ಕದಲಿದ್ದನ್ನು ನಾನು ಕಾಣಲಿಲ್ಲ.

ಕೊನೆಯ ಸಭೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ವಾಕ್ಯಗಳೂ ಮುಗಿದಿದ್ದವು, ವಿಟ್ಸ್ಕೆಯದೊಂದು ಬಿಟ್ಟು. ಬಾಬೆಟ್ ಕಡೆಯ ಬಾಲ ಹೊರತೆಗೆದಳು: ಈ ನೀತಿ ಇನ್ನು ಮುಂದೆ ಮಾಡುವ ಧ್ವನಿಮುದ್ರಣಗಳಿಗೆ ಮಾತ್ರ ಅನ್ವಯ. ಹಳೆಯವಕ್ಕೆ ಇಲ್ಲ.

ವಿಟ್ಸ್ಕೆ ನೆಟ್ಟಗಾದಳು. ಎಂದಿನಂತೆ ಒಬ್ಬೊಬ್ಬರೂ ಒಂದು ಸುತ್ತು ಮಾತಾಡುತ್ತಾರೆ, ತನ್ನ ಸರದಿ ಬರುತ್ತದೆ ಎಂದು ಕಾಯುತ್ತ ಕೂತಳು. ಬಾಯಲ್ಲಿ ಮಾತು ಸಿದ್ಧವಾಗಿತ್ತು, ರೈಲಿನಲ್ಲಿ ನನಗೆ ಹೇಳಿ ನೋಡಿಕೊಂಡಿದ್ದಳು. ಆದರೆ ಎಲ್ಲರಿಗೂ ಊಟದ ಅವಸರ, ಕ್ರೋಕೆಟ್ ಆರುತ್ತಿತ್ತು. ರೂಲ್ವಿಂಕ್ ಸುತ್ತು ಶುರುಮಾಡಲಿಲ್ಲ. ಹುಬ್ಬೇರಿಸಿ ಮೇಜಿನ ಸುತ್ತ ಒಂದು ಸಲ ಕಣ್ಣಾಡಿಸಿದ. ಬಾಬೆಟ್ ತಲೆಯಾಡಿಸಿದಳು. ಪಕ್ಕದವನು ತಲೆಯಾಡಿಸಿದ. ಅವನ ಪಕ್ಕದವನೂ. ಗೆಸೀನ ಕಾಗದ ನೋಡುತ್ತಲೇ ತಲೆಯಾಡಿಸಿದಳು. ಕೋಣೆಯಲ್ಲಿ ಒಂದು ಸದ್ದಿಲ್ಲ. ವಿಟ್ಸ್ಕೆ ಕಿವಿಯಾನಿಸಿ, ಮೊದಲ ದನಿಗಾಗಿ ಕಾಯುತ್ತ ಕೂತೇ ಇದ್ದಳು.

"ಚೆನ್ನಾಯ್ತು, ಎಲ್ಲರ ಒಪ್ಪಿಗೆ ಇದೆ," ಅಂದ ರೂಲ್ವಿಂಕ್. ಪುಟ್ಟ ಸುತ್ತಿಗೆಯಿಂದ ಮೇಜು ಕುಟ್ಟಿದ.

ನಾನು ಕುರ್ಚಿ ಬೀಳುವ ಹಾಗೆ ಎದ್ದೆ. "ಅವಳನ್ನ ಕೇಳಿದ್ರಾ? ನೀವು ತಲೆ ಆಡಿಸಿದ್ದು ಅವಳಿಗೆ ಕಾಣತ್ತಾ? ಕುರುಡಿಯನ್ನ ಮುಂದೆ ಕೂರಿಸಿಕೊಂಡು ಕಣ್ಸನ್ನೆಯಲ್ಲಿ ಪಂಚಾಯ್ತಿ ಮಾಡ್ತೀರಾ, ನಾಚಿಕೆ ಆಗಲ್ವಾ!"

"ಶೌಕ್ಯೆ," ಅಂದ ಅವನು, ಎಂದಿನ ಮೆತ್ತನೆ ದನಿಯಲ್ಲಿ. "ಜೊತೆಗೆ ಬಂದವರಿಗೆ ಇಲ್ಲಿ ಮಾತಾಡೋ ಅವಕಾಶ ಇಲ್ಲ ಅಂತ ನಿಮಗೆ ಗೊತ್ತಿದೆ."

"ಏನಾಯ್ತು?" ಎಂದಳು ವಿಟ್ಸ್ಕೆ. ನಾನು ಹೇಳಿದೆ. ಅವಳ ಕುತ್ತಿಗೆ ಕೆಂಪಾಯಿತು. "ನಾನು ಒಪ್ಪಿಲ್ಲ ಫ್ಲೋರಿಸ್. ನನ್ನ ಸರದಿಗೆ ಕಾಯ್ತಾ ಇದ್ದೆ."

ಆಗ ಕೋಣೆಯ ಮುಖಗಳನ್ನು ನೋಡಬೇಕಿತ್ತು. ತಪ್ಪಾಯಿತು ಎಂದು ಒಬ್ಬನೂ ಅನ್ನಲಿಲ್ಲ. ಎರಡು ವರ್ಷ ಬೇಯಿಸಿದ ಅಡುಗೆಗೆ ಯಾರೋ ಉಗುಳಿದಂತೆ ಅವಳನ್ನೇ ನೋಡಿದರು. ರೂಲ್ವಿಂಕ್ ಊಟಕ್ಕೆ ಬಿಡುವು ಕೊಟ್ಟ. ಊಟದ ನಂತರ ಆ ಮಾತಿಗೆ ಮರಳೋಣ ಎಂದ, ಮರಳುವ ಇಷ್ಟವಿಲ್ಲದವನ ದನಿಯಲ್ಲಿ.

ಗೆಸೀನ ನಮ್ಮಿಬ್ಬರನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದಳು.

"ವಿಟ್ಸ್ಕೆ, ನಾನು ಕೇಳಬಾರದು, ಆದ್ರೂ ಕೇಳ್ತಾ ಇದ್ದೀನಿ. ಶಾಲೆ ಮಕ್ಕಳ ಪಠ್ಯಪುಸ್ತಕದ ಬೀಗ ತೆಗೀಬೇಕು ಅನ್ನೋ ಕಲಮು ಇದರಲ್ಲೇ ಇದೆ. ಕಾಣದ ಮಕ್ಕಳು ಪುಸ್ತಕ ಇಲ್ಲದೆ ತರಗತೀಲಿ ಸುಮ್ಮನೆ ಕೂತಿರ್ತವೆ. ನೀವು ಇದೊಂದನ್ನ ಬಿಡದಿದ್ರೆ ಬಾಬೆಟ್ ಅದನ್ನೂ ವಾಪಸ್ ತಗೋತೀನಿ ಅಂತಾಳೆ. ಒಂದು ಕಡೆ ಬಿಚ್ಚಿದ್ರೆ ಎಲ್ಲಾನೂ ಬಿಚ್ಚಿಕೊಳ್ಳತ್ತೆ ಅಂತೆ."

"ಡೌವ ಓದಿದ್ದನ್ನ ನೀನೇ ಮುದ್ರಿಸಿದ್ದೆ," ಅಂದೆ ನಾನು. "ನಿನ್ನ ಬಾಯಲ್ಲಿ ಈ ಮಾತು ಹೇಗೆ ಬರತ್ತೆ?"

ಅವಳು ನನ್ನ ಕಡೆ ನೋಡಲಿಲ್ಲ. ಅಳುತ್ತಿದ್ದಳು. ಅವಳ ಅಳು ನೋಡಿ ನನಗೆ ಇನ್ನೂ ಹೇಸಿಗೆಯಾಯಿತು. ಬಾಬೆಟ್ ತಾನೇ ಬಂದು ಬೆದರಿಸಿದ್ದರೆ ವಿಟ್ಸ್ಕೆ ಬಗ್ಗುತ್ತಿರಲಿಲ್ಲ. ಅದು ಗೊತ್ತಿದ್ದೇ ಗೆಳತಿಯನ್ನು ಕಳಿಸಿದ್ದರು. ಆಚೆ ಬಾಬೆಟ್ ನಿಂತುಕೊಂಡು ಕ್ರೋಕೆಟ್‌ಗೆ ಸಾಸಿವೆ ಹಚ್ಚುತ್ತಿದ್ದಳು.

ವಿಟ್ಸ್ಕೆ ಗೆಸೀನಳ ದನಿ ಬಂದ ಕಡೆ ತಿರುಗಿದಳು. "ಇವತ್ತು ಒಪ್ಪಿದ್ರೆ ಸಮಿತಿ ಮುಗೀತಾ?" ಎಂದು ಕೇಳಿದಳು.

"ಇವತ್ತೇ ಮುಗಿಯತ್ತೆ."

"ಆಗಲಿ."

ಊಟ ಮುಗಿದ ಮೇಲೆ ಎಲ್ಲರಿಗೂ ಕೇಳುವ ಹಾಗೆ, ಒಪ್ಪಿದ್ದೇನೆ ಎಂದಳು. ಸುತ್ತಿಗೆ ಇನ್ನೊಮ್ಮೆ ಬಿತ್ತು, ಕೋಣೆಯಲ್ಲಿ ಚಪ್ಪಾಳೆ. ರೂಲ್ವಿಂಕ್ ಬಂದು ಅವಳ ಎರಡೂ ಕೈ ಹಿಡಿದುಕೊಂಡು, "ದೊಡ್ಡ ಮನಸ್ಸು ನಿಮ್ಮದು," ಅಂದ. ಬಾಬೆಟ್ ಈ ಸಲ ತೋಳು ಸವರದೆ ತಬ್ಬಿಕೊಂಡೇಬಿಟ್ಟಳು. ನಾನು ಕೋಟು ತರುವ ನೆಪದಲ್ಲಿ ಹೊರಗೆ ಬಂದೆ, ಇಲ್ಲದಿದ್ದರೆ ಯಾರಿಗಾದರೂ ಬಾರಿಸಿಬಿಡುತ್ತಿದ್ದೆ.

ರೈಲು ಹೊರಟು ಊರು ದಾಟಿದ ಮೇಲೆ ನಾನು ಬಾಯಿ ಬಿಟ್ಟೆ. "ನೀನು ಇಷ್ಟು ಸುಲಭಕ್ಕೆ ಬಿಟ್ಟುಕೊಡ್ತೀಯ ಅಂತ ಅಂದ್ಕೊಂಡಿರಲಿಲ್ಲ."

ಅವಳು ನಕ್ಕಳು. ಎಷ್ಟೋ ತಿಂಗಳಿಂದ ಕಾಣದ ನಗು. "ಅಯ್ಯೋ ಪೆದ್ದಿ, ಸಮಿತಿ ಮುಗೀತು ಕಣೇ. ನಾನು ಕೊಟ್ಟ ಮಾತೂ ಮುಗೀತು. ಈಗ ನಾನು ಯಾರಿಗೂ ಹೂಂ ಅಂದವಳಲ್ಲ. ನಾಳೆ ಬೆಳಿಗ್ಗೆ ಬಾ. ನಿನ್ನ ಆ ಟಿಣ್ ಅನ್ನೋ ಫೋನು ತಗೊಂಡೇ ಬಾ. ಮೊದಲು ಹಡಗಿನ ಕತೆ, ಆಮೇಲೆ ಹಕ್ಕಿ. ಆಲೂಗಡ್ಡೆ ರೋಗ ಕೊನೆಗೆ."

ನನಗೆ ಅವಳನ್ನು ಅಲ್ಲೇ ಎತ್ತಿ ಮುದ್ದಾಡಬೇಕೆನಿಸಿತು. ಲೀವಾರ್ಡನ್‌ನಲ್ಲಿ ರೈಲು ಬದಲಿಸುವಾಗ ಇಬ್ಬರೂ ಹೆರಿಂಗ್ ಮೀನು ಕೊಂಡು, ಈರುಳ್ಳಿ ಉದುರಿಸಿಕೊಂಡು, ನಿಂತಲ್ಲೇ ತಿಂದೆವು. ಮೀನು ತಾಜಾ ಇತ್ತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ನಾಳೆವರೆಗೆ ಕಾಯುವುದೇಕೆ, ಈಗಲೇ ಶುರುಮಾಡೋಣ ಎಂದೆ. ಅವಳು ಕೋಟು ಕೂಡ ತೆಗೆಯದೆ ಅಡುಗೆಮನೆಗೆ ಹೋಗಿ ಯಂತ್ರದ ಗುಂಡಿ ಒತ್ತಿದಳು. ನಾನು ಫೋನು ಹಿಡಿದು ಪಕ್ಕ ನಿಂತೆ.

"ಈ ಪುಸ್ತಕಕ್ಕೆ ಅಪ್ಪಣೆ ಲಭ್ಯವಿಲ್ಲ," ಅಂದಿತು ಯಂತ್ರ, ನುಣುಪಾದ ಹೆಣ್ಣುದನಿಯಲ್ಲಿ.

ಇನ್ನೊಂದು ಪುಸ್ತಕ ಹಾಕಿದಳು. ಅದೇ ಮಾತು. ಮತ್ತೊಂದು. ಅದೇ. ಆಲೂಗಡ್ಡೆ ರೋಗಕ್ಕೂ ಅಪ್ಪಣೆ ಇರಲಿಲ್ಲ. ಅವಳು ಒಂದೊಂದಾಗಿ ಎಲ್ಲ ಪುಸ್ತಕಗಳನ್ನೂ ಒತ್ತಿ ನೋಡಿದಳು. ಪ್ರತಿಸಲವೂ ಆ ಹೆಂಗಸು ಅದೇ ವಿನಯದಿಂದ ಉತ್ತರ ಕೊಟ್ಟಳು. ಕಡೆಗೆ ನಾನು ವಿಟ್ಸ್ಕೆಯ ಕೈಯನ್ನು ಹಿಡಿದು ನಿಲ್ಲಿಸಬೇಕಾಯಿತು.

ಮರುದಿನ ವಿಟ್ಸ್ಕೆ ರೂಲ್ವಿಂಕ್‌ಗೆ ಫೋನು ಮಾಡಿದಳು. ನನಗೂ ಕೇಳಲೆಂದು ದನಿ ದೊಡ್ಡದು ಮಾಡಿದಳು.

"ನನಗೆ ನಿಜವಾಗಿಯೂ ಬೇಸರ ಆಗಿದೆ ವಿಟ್ಸ್ಕೆ," ಅಂದ ಅವನು. "ಆದ್ರೆ ಕಂಪನಿಯವರು ಮಾತಿಗೆ ತಪ್ಪಿಲ್ಲ ನೋಡಿ. ಸಮಿತಿ ಮುಗಿಯೋ ತನಕ ಮುಚ್ಚಲ್ಲ ಅಂದಿದ್ರು. ಸುತ್ತಿಗೆ ಬಿದ್ದ ಮೇಲೆ ಬಾಬೆಟ್ ಕಂಪನಿಗೆ ಫೋನ್ ಮಾಡಿ ಹೇಳಿದ್ದಾರೆ, ಅಷ್ಟೇ."

"ಯಾವ ಸುತ್ತಿಗೆ? ಊಟಕ್ಕೆ ಮುಂಚಿನದಾ, ಆಮೇಲಿನದಾ?"

"ಅದು ನನಗೆ ಗೊತ್ತಿಲ್ಲ."

"ಸರಿ," ಎಂದು ವಿಟ್ಸ್ಕೆ ಫೋನಿಟ್ಟಳು. ಬೈಯಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ನಾನು ಬೈದೆ, ಬಂದರಿನ ಕೂಲಿಗಳಿಂದ ಕಲಿತ ಮಾತುಗಳೆಲ್ಲ ಅವತ್ತು ಉಪಯೋಗಕ್ಕೆ ಬಂದವು. ಮಾತಿಗೆ ತಪ್ಪಿಲ್ಲವಂತೆ! ಕೊಟ್ಟ ಮಾತು ಎಲ್ಲಿ ಮುಗಿಯುತ್ತದೆ ಎಂದು ಕಾಯುತ್ತ ಬಾಗಿಲಲ್ಲಿ ನಿಂತಿದ್ದವರು ಇವರು. ಈ ಜನರ ಜೊತೆ ಮಜ್ಜಿಗೆ ಕುಡಿದದ್ದಕ್ಕೆ ನನಗೆ ಇವತ್ತಿಗೂ ವಾಕರಿಕೆ.

ಆ ವಾರವೇ ಸಮಿತಿಯಿಂದ ದೊಡ್ಡ ಹೂಗುಚ್ಛ ಬಂತು. ವಿಟ್ಸ್ಕೆ ಬಾಗಿಲಲ್ಲಿ ನಿಂತು ಮೂಸಿ, "ವಾಸನೆನೇ ಇಲ್ಲ," ಎಂದು ನನ್ನ ಕೈಗೆ ಕೊಟ್ಟಳು. ಕಾಣದವಳಿಗೆ ವಾಸನೆಯಿಲ್ಲದ ಹೂವು ಆರಿಸಿದ್ದರು, ಪುಣ್ಯಾತ್ಮರು. ನಾನು ಅದನ್ನು ತಲೆಕೆಳಗು ಮಾಡಿ ಕಸದ ತೊಟ್ಟಿಗೆ ತುರುಕಿದೆ. ಮಕ್ಕಳ ಪಠ್ಯಪುಸ್ತಕದ ಕಲಮಿಗೂ "ಸಾಧ್ಯವಾದಷ್ಟು ಮಟ್ಟಿಗೆ" ಸೇರಿಕೊಂಡಿತೆಂದು ಗೆಸೀನ ಆಮೇಲೆ ಫೋನಿನಲ್ಲಿ ಹೇಳಿದಳು. ನಾನು ಅವಳ ಮಾತು ಮುಗಿಯಲು ಬಿಡಲಿಲ್ಲ.

ಅಡುಗೆಮನೆ ಸದ್ದಿಲ್ಲದಾಯಿತು. ವಿಟ್ಸ್ಕೆ ರೇಡಿಯೋ ಕೂಡ ಹಾಕುತ್ತಿರಲಿಲ್ಲ. ಅವಳು ಹಾಗೆ ಸುಮ್ಮನೆ ಕೂತು ಬೀನ್ಸ್ ಬಿಡಿಸುವುದನ್ನು ನೋಡಲಾಗದೆ, ನಾನು ಊರಿನ ಗ್ರಂಥಾಲಯದಿಂದ ಆ ಹಡಗಿನ ಕತೆಯ ಪುಸ್ತಕವನ್ನೇ ತಂದೆ. ಕಾಗದದ ಪುಸ್ತಕ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ಓದಲು ಶುರುಮಾಡಿದೆ. ನನಗೂ ಡೌವನಿಗೂ ಒಂದೇ ಬಗೆಯ ದನಿ ಎಂದು ಚಿಕ್ಕಂದಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅವನು ಓದುತ್ತಿದ್ದ ಹಾಗೆ ನಿಧಾನವಾಗಿ, ಪ್ರತಿ ಮಾತನ್ನೂ ಬಿಡಿಸಿ ಓದಿದೆ. ಮೊದಲ ಪುಟ ಮುಗಿಯಿತು. ಚೆನ್ನಾಗಿಯೇ ಓದಿದೆ ಅನಿಸಿತು.

ವಿಟ್ಸ್ಕೆಯ ಕೈ ಬೀನ್ಸಿನ ಮೇಲೆ ನಿಂತಿತ್ತು.

"ಮುಂದೆ ಓದಲಾ?" ಅಂದೆ.

"ಬೇಡ ಶೌಕ್ಯೆ."

"ಯಾಕೆ? ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದಕ್ಕೇ ಬೇಡ ಅಂದೆ," ಎಂದಳು. "ನಿನ್ನ ದನಿ ಕಿವೀಲಿ ಕೂತುಬಿಡತ್ತೆ. ಈಗ ನೀನು ಓದಿದ ಪುಟ ನೆನೆಸಿಕೊಂಡೆ. ಅವನು ಕೇಳಿಸಲಿಲ್ಲ. ನೀನೇ ಕೇಳಿಸಿದೆ."

ನಾನು ಪುಸ್ತಕ ಮುಚ್ಚಿದೆ. ಅವಳು ಮತ್ತೆ ಬೀನ್ಸ್ ಬಿಡಿಸತೊಡಗಿದಳು, ತಲೆ ಒಂದು ಕಡೆಗೆ ವಾಲಿಸಿಕೊಂಡು. ನಾನು ಉಸಿರು ಕೂಡ ಮೆಲ್ಲಗೆ ಬಿಡುತ್ತ ಅವಳ ಪಕ್ಕದಲ್ಲಿ ಕೂತಿದ್ದೆ.